ಎಂಟು ಮಕ್ಕಳ ಅಪ್ಪನ ಹಾಡು: ಜನಪದದ್ದೋ, ಸರ್ಕಾರದ್ದೋ?

ಪ್ರಶ್ನೆ: ನಮ್ಮದು ಬೆಳಗಾವಿ ಸೀಮೆಯ ಒಕ್ಕಲುತನದ ಮನೆ, ನಾನು ಬೆಂಗಳೂರಿನಲ್ಲಿದ್ದೇನೆ. ಅಜ್ಜಿಗೆ ತೊಂಬತ್ತರ ಹತ್ತಿರ. ಮೊದಲು ಜೋಳ ಬೀಸುವಾಗ ಹಾಡುತ್ತಿದ್ದ ಒಂದು ಪದವನ್ನು ಈಗ ಮರಿಮಕ್ಕಳನ್ನು ನಗಿಸಲು ಹಾಡುತ್ತಾರೆ. ಎಂಟು ಮಕ್ಕಳ ಅಪ್ಪ ಒಂದು ರೂಪಾಯಿ ಹಿಡಿದು ಸಂತೆಗೆ ಹೋಗುವ ಕಥೆ ಅದು. ನೆನಪಿರುವಷ್ಟು ಬರೆಯುತ್ತೇನೆ:

ಸಂತಿಗೆ ಹೊಂಟಾನ ನಮ್ಮಪ್ಪ, ಸೊಂಟದಾಗ ಒಂದೇ ರೂಪಾಯಿ
ಎಂಟು ಮಕ್ಕಳು ಬೆನ್ನಿಗೆ ಬಿದ್ದು ಎಂಟು ದಿಕ್ಕಿಗೆ ಎಳೆದಾರ
ಹಿರಿಯವ ಬೇಡ್ಯಾನ ಜರಿಯ ರುಮಾಲ, ಕಿರಿಯವ ಬೇಡ್ಯಾನ ಬೆಲ್ಲದಚ್ಚ
ನಡುವಿನ ಆರರ ಹೆಸರ ಮರೆತಾನ, ನಾಳೆ ನೆನೆಸಿ ಹೇಳೇನಂದ

ಕೊನೆಗೆ ಅಪ್ಪ ಚುರುಮುರಿ ತರುತ್ತಾನೆ. ಅರ್ಧ ಗಾಳಿಗೆ ಹಾರಿಹೋಗುತ್ತದೆ.

ಉಳಿದದ್ದು ಎಣಿಸಿ ಎಂಟಕ್ಕ ಹಂಚಿ, ಪುಡಿಕಿ ಕಾಗದ ತಾ ನೆಕ್ಕ್ಯಾನ

ನಮ್ಮ ಸೋದರತ್ತೆ ಇದೇ ಹಾಡಿಗೆ ಬೇರೆ ಕೊನೆ ಹಾಡುತ್ತಾರೆ:

ಎರಡೇ ಇದ್ದರೆ ಎರಡೂ ಕೈಗೆ ಎರಡು ಬಿಸ್ಕೀಟು ಬರುತಿತ್ತ
ಮಿತ ಸಂಸಾರವೆ ಹಿತವೆಂದು ತಿಳಿಯಿರಿ ಗ್ರಾಮದ ಬಾಂಧವರೆಲ್ಲ

ಇದು ಜನಪದವೇ ಅಲ್ಲ, ಸರ್ಕಾರ ಬರೆಸಿದ ಪ್ರಚಾರದ ಹಾಡು ಎಂದು ಕಾಕಾ ಹೇಳುತ್ತಾರೆ. ಮನೆಯಲ್ಲಿ ಇದೇ ಜಗಳ. ಕಳೆದ ತಿಂಗಳು ಅತ್ತೆ, ‘ನಾವಿರುವುದು ಏಳು ಮಂದಿ, ಏಳು ಮಕ್ಕಳು ಎಂದೇ ಹಾಡೋಣ’ ಎಂದದ್ದಕ್ಕೆ ಅಜ್ಜಿ ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಮೂಲ ಯಾವುದು? ದಾಸರ ಪದವಿರಬಹುದೇ? ಅಜ್ಜಿಯ ಹುಟ್ಟುಹಬ್ಬದ ದಿನ ಯಾವ ಕೊನೆಯನ್ನು ಹಾಡಬೇಕು?

ಉತ್ತರ: ನಿಮ್ಮ ಕಾಕಾ ಹೇಳುವುದು ಅರ್ಧ ಸರಿ. ಅತ್ತೆಯವರು ಹಾಡುವ ಕೊನೆ ಸರ್ಕಾರಿ ಜೀಪಿನಲ್ಲಿ ಬಂದದ್ದು ಎಂಬುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಆದರೆ ಆ ಜೀಪು ಊರಿಗೆ ಬರುವ ಹೊತ್ತಿಗೆ ನಿಮ್ಮ ಹಾಡಿನ ಅಪ್ಪ ಸಂತೆಗೆ ಹೋಗಿ ಬಂದಾಗಿತ್ತು.

ದಾಸರ ಪದ ಇದಲ್ಲ. ದಾಸರೂ ಹೊಟ್ಟೆಪಾಡನ್ನು ಕಂಡು ನಕ್ಕವರೇ. ಕನಕದಾಸರ ‘ಎಲ್ಲಾರು ಮಾಡುವುದು ಹೊಟ್ಟೆಗಾಗಿ’ ಯಾರಿಗೆ ಗೊತ್ತಿಲ್ಲ? ಆದರೆ ಅಲ್ಲಿ ನಗು ಕೊನೆಗೆ ಆದಿಕೇಶವನ ಪಾದಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಅಪ್ಪ ದೇವರ ಕಡೆ ತಿರುಗಿಯೂ ನೋಡುವುದಿಲ್ಲ, ಅವನ ಕಣ್ಣೆಲ್ಲ ಪುಡಿಕೆಯ ಕಾಗದದ ಮೇಲಿದೆ. ಆ ಮಾತನ್ನು ಇಲ್ಲಿಗೇ ಬಿಡೋಣ.

ಹಾಡಿನ ವಯಸ್ಸು ಹುಡುಕುವಾಗ ನಾನು ರಾಗವನ್ನು ನಂಬುವುದಿಲ್ಲ. ಮಟ್ಟು ಯಾರ ಬಾಯಿಂದ ಯಾರ ಬಾಯಿಗೂ ಹಾರುತ್ತದೆ. ಮಾತನ್ನು ನೋಡುತ್ತೇನೆ. ಅತ್ತೆಯವರ ಕೊನೆಯ ಸಾಲಿನಲ್ಲಿ ‘ಗ್ರಾಮದ ಬಾಂಧವರೆಲ್ಲ’ ಎಂದಿದೆ. ಊರಿನವರು ಊರನ್ನು ಊರು ಎನ್ನುತ್ತಾರೆ, ಹಳ್ಳಿ ಎನ್ನುತ್ತಾರೆ. ಗ್ರಾಮ ಎನ್ನುವುದು ತಲಾಠಿ, ಅಂದರೆ ಊರ ಲೆಕ್ಕಿಗ, ಕೊಡುವ ಜಮೀನಿನ ಉತಾರದಲ್ಲಿ, ಪಂಚಾಯಿತಿಯ ಫಲಕದ ಮೇಲೆ ಇರುವ ಮಾತು. ಇನ್ನು ‘ಬಾಂಧವರೇ’ ಎಂದು ಯಾರೂ ಅಂಗಳದಲ್ಲಿ ನಿಂತು ಕರೆಯುವುದಿಲ್ಲ. ಹಾಗೆ ಕರೆಯಬೇಕಾದರೆ ಬಾಯಿಯ ಮುಂದೆ ಮೈಕು ಬೇಕು. ಮಿತಕ್ಕೆ ಹಿತವನ್ನು ಪ್ರಾಸವಾಗಿ ಕೂಡಿಸಿದ ಕೈ ಸೀಮೆಸುಣ್ಣ ಹಿಡಿದು ಪಳಗಿದ ಕೈ. ಮೇಷ್ಟರೊಬ್ಬರು ರಾತ್ರಿ ಕೂತು ಬರೆದುಕೊಟ್ಟಿರಬೇಕು ಎಂದು ಓದಿದ ಕೂಡಲೇ ಅನ್ನಿಸಿತು. ಅಜ್ಜಿಯವರ ಕೊನೆಯಲ್ಲಿ ಯಾರನ್ನೂ ಕರೆದಿಲ್ಲ, ಯಾರಿಗೂ ಬುದ್ಧಿ ಹೇಳಿಲ್ಲ. ಒಬ್ಬ ಮನುಷ್ಯ ಕಾಗದ ನೆಕ್ಕುತ್ತಿದ್ದಾನೆ, ಅಷ್ಟೇ.

ಎರಡನೆಯ ಸುಳಿವು ಅತ್ತೆಯವರ ‘ಎರಡೇ’ ಎಂಬ ಲೆಕ್ಕ. ಭಾರತ ಸರ್ಕಾರ ಕುಟುಂಬ ಯೋಜನೆಯ ಕಾರ್ಯಕ್ರಮ ಆರಂಭಿಸಿದ್ದು 1952ರಲ್ಲಿ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಅದರ ಗುರುತಾದ ಕೆಂಪು ತ್ರಿಕೋನ ಊರೂರ ಗೋಡೆಗಳನ್ನು ಹತ್ತಿತು. ಆಗ ಸಾರುತ್ತಿದ್ದದ್ದು ‘ಎರಡು ಇಲ್ಲವೇ ಮೂರು ಸಾಕು’ ಎಂದು. ‘ನಾವಿಬ್ಬರು, ನಮಗಿಬ್ಬರು’ ಎಂಬುದು ಎಪ್ಪತ್ತರ ದಶಕದ ಮಾತು. ನಮ್ಮಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಚೆಂದವಾಗಿ ಹೇಳುತ್ತಿದ್ದರು. ಸರ್ಕಾರ ಒಂದು ಮಗುವನ್ನು ಕಡಿಮೆ ಮಾಡಿದ ಮೇಲೆ ಹಾಡೂ ಕಡಿಮೆ ಮಾಡಬೇಕಾಯಿತು. ಆದ್ದರಿಂದ ಅತ್ತೆಯವರ ಕೊನೆ ಎಪ್ಪತ್ತರ ದಶಕಕ್ಕಿಂತ ಹಿಂದಿನದಾಗಿರಲಾರದು. ಅಜ್ಜಿಯವರ ವಯಸ್ಸು ನೋಡಿದರೆ ಅತ್ತೆ ಆಗ ಶಾಲೆಗೆ ಹೋಗುವ ಹುಡುಗಿ. ಹಾಡು ಅಂಟಿಕೊಳ್ಳುವ ವಯಸ್ಸು ಅದು.

ಇನ್ನು ಆ ಒಂದು ರೂಪಾಯಿ. ಇಲ್ಲಿ ನನಗೆ ನಿಜವಾದ ಖುಷಿಯಾಯಿತು. 1957ರ ಏಪ್ರಿಲ್ 1ರಂದು ನಮ್ಮಲ್ಲಿ ರೂಪಾಯಿಗೆ ನೂರು ನಯಾಪೈಸೆಯ ಲೆಕ್ಕ ಬಂತು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ. ಹದಿನಾರನ್ನು ಎಂಟು ಮಕ್ಕಳಿಗೆ ಹಂಚಿ ನೋಡಿ: ತಲೆಗೆ ಎರಡಾಣೆ, ಒಂದು ಬಿಲ್ಲೆಯೂ ಮಿಕ್ಕುವುದಿಲ್ಲ, ಒಂದು ಬಿಲ್ಲೆಯೂ ಕಡಿಮೆ ಬೀಳುವುದಿಲ್ಲ. ನೂರು ಪೈಸೆಯನ್ನು ಎಂಟಕ್ಕೆ ಹಂಚಿದರೆ ಹನ್ನೆರಡೂವರೆ. ಆ ಅರೆಪೈಸೆಗೆ ನಾಣ್ಯವೇ ಇಲ್ಲ. ಹಾಡು ಕಟ್ಟಿದವರ ತಲೆಯಲ್ಲಿ ಹದಿನಾರಾಣೆಯ ರೂಪಾಯಿ ಇತ್ತು ಎಂದು ನಾನು ಊಹಿಸುತ್ತೇನೆ. ಅಪ್ಪನ ಪೇಚು ಇರುವುದೂ ಅಲ್ಲೇ. ಬುದ್ಧಿವಂತನಾಗಿದ್ದರೆ ಎಲ್ಲರಿಗೂ ಎರಡೆರಡಾಣೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹಿರಿಯವನಿಗೆ ಜರಿಯ ರುಮಾಲು ಬೇಕು.

ಇದನ್ನೇ ಪುರಾವೆ ಎಂದು ಕಾಕಾ ಅವರ ಮುಂದೆ ಹಿಡಿಯಬೇಡಿ, ಅವರು ಸುಲಭವಾಗಿ ಹೊಡೆದುಹಾಕುತ್ತಾರೆ. ಆಣೆ ಸತ್ತ ಮೇಲೂ ನಮ್ಮವರ ನಾಲಗೆಯ ಮೇಲೆ ಬಹುಕಾಲ ಬದುಕಿತ್ತು. 25 ಪೈಸೆಯನ್ನು ‘ನಾಲ್ಕಾಣೆ’ ಎಂದೇ ಕರೆದೆವು, ಆ ನಾಣ್ಯ 2011ರ ಜೂನ್ 30ರ ನಂತರ ಚಲಾವಣೆಯಿಂದ ಹೋಗುವವರೆಗೂ. ನಾಲಗೆ ಖಜಾನೆಯ ಆದೇಶ ಕೇಳುವುದಿಲ್ಲ. ಆದರೂ ‘ಗ್ರಾಮ’, ‘ಎರಡೇ’, ‘ಹದಿನಾರಾಣೆ’ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಹಾಡಿನ ಮೈ ಹಳೆಯದು, ಬಾಲ ಹೊಸದು ಎಂಬ ತೀರ್ಮಾನಕ್ಕೆ ಬರದೆ ಬೇರೆ ದಾರಿಯಿಲ್ಲ.

ಮೈ ಹಳೆಯದು ಎಂದ ಕೂಡಲೇ ‘ಹಾಗಾದರೆ ಮೂಲ ಪಾಠ ಕೊಡಿ’ ಎಂದು ಕೇಳಬೇಡಿ. ಹಾಗೆ ಕೇಳುವುದು ನದಿಯ ಮೂಲ ನೀರು ಯಾವುದು ಎಂದು ಕೇಳಿದಂತೆ. ನಿಮ್ಮ ಅಜ್ಜಿ ಇದನ್ನು ಬೀಸುವಾಗ ಹಾಡುತ್ತಿದ್ದರು ಎಂದು ಬರೆದಿದ್ದೀರಿ. ಬೀಸುವ ಪದವೆಂದರೆ ತ್ರಿಪದಿ ಎಂದು ಪುಸ್ತಕಗಳು ಹೇಳುತ್ತವೆ, ಬಹುಪಾಲು ಅದು ನಿಜ. ಜನಪದ ಹಾಡುಗಳನ್ನು ಸಂಗ್ರಹಿಸಿದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗಿನಿಂದ ಬೀಸುವ ಕಲ್ಲು ಮತ್ತು ತ್ರಿಪದಿ ನಮ್ಮ ಮನಸ್ಸಿನಲ್ಲಿ ಗಂಡಹೆಂಡಿರಂತೆ ಕೂಡಿಬಿಟ್ಟಿವೆ. ಆದರೆ ಕಲ್ಲಿಗೆ ಛಂದಸ್ಸಿನ ಹಟವಿಲ್ಲ. ಕೈ ಸುತ್ತು ಬರುವುದಕ್ಕೆ ಹೊಂದುವ ಯಾವ ಪದವನ್ನೂ ಅದು ಒಪ್ಪಿಕೊಳ್ಳುತ್ತದೆ. ನಿಮ್ಮ ಹಾಡಿನ ಎರಡೆರಡು ಸಾಲಿನ ನಡೆ ಕೋಲಾಟದ ಎಣಿಕೆಯ ಪದಗಳಿಗೆ ಹತ್ತಿರ. ಅಲ್ಲಿಂದ ಅಡುಗೆಮನೆಯ ಪಕ್ಕದ ಬೀಸುವ ಕಲ್ಲಿಗೆ ಬಂದಿರಬಹುದು.

ಎಣಿಕೆಯ ಪದದ ಗುಣವೆಂದರೆ ಅದನ್ನು ರಬ್ಬರಿನಂತೆ ಎಳೆಯಬಹುದು. ಹಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಯಲ್ಲಿ ವಯಸ್ಸಾದ ತಾಯಿಯೊಬ್ಬರು ಇಂಥದೇ ಒಂದು ಹಾಡು ಹಾಡಿದರು. ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೆ. ಮೊದಲ ದಿನ ಹನ್ನೊಂದು ಮಕ್ಕಳು. ಒಬ್ಬನಿಗೆ ಬುಗುರಿ, ಒಬ್ಬಳಿಗೆ ಬಳೆ, ಒಬ್ಬನಿಗೆ ಕುದುರೆಯೇ ಬೇಕಂತೆ. ಮರುದಿನ ಸರಿಯಾಗಿ ಬರೆದುಕೊಳ್ಳೋಣ ಎಂದು ಮತ್ತೆ ಹಾಡಿಸಿದರೆ ಮಕ್ಕಳು ಏಳೇ. ಕುದುರೆ ಕೇಳಿದವನು ನಾಪತ್ತೆ. ನಾನು ಆಗ ಹುಡುಗ, ವಿಶ್ವವಿದ್ಯಾಲಯದಿಂದ ಹೊಸದಾಗಿ ಹೊರಬಿದ್ದವನು. ‘ಅಮ್ಮ, ನಾಲ್ಕು ಮಂದಿ ಬಿಟ್ಟುಹೋಗಿದ್ದಾರೆ’ ಎಂದೆ. ಆಕೆ ಕಲ್ಲಿನ ಸುತ್ತ ಬಿದ್ದಿದ್ದ ಹಿಟ್ಟನ್ನು ಅಂಗೈಯಿಂದ ಒಟ್ಟು ಮಾಡುತ್ತಾ, ಇವತ್ತು ಜೋಳ ಕಡಿಮೆಯಿತ್ತಪ್ಪ ಎಂದರು.

ನಾನು ಓದಿಕೊಂಡಿದ್ದ ಪಾಠಾಂತರ ಶಾಸ್ತ್ರವೆಲ್ಲ ಆ ಹಿಟ್ಟಿನ ಜೊತೆ ಮೊರಕ್ಕೆ ಹೋಯಿತು. ಆ ಹಾಡಿನಲ್ಲಿ ಮಕ್ಕಳ ಸಂಖ್ಯೆಯನ್ನು ನಿರ್ಧರಿಸುತ್ತಿದ್ದದ್ದು ಬುಟ್ಟಿಯಲ್ಲಿದ್ದ ಜೋಳ. ಜೋಳ ಇರುವವರೆಗೆ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ.

ಈಗ ನಗುವಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಎರಡು ಕೊನೆಗಳ ನಡುವಿನ ನಿಜವಾದ ವ್ಯತ್ಯಾಸ ಕಾಲದ್ದಲ್ಲ, ಯಾರನ್ನು ನೋಡಿ ನಗುತ್ತೇವೆ ಎಂಬುದರದ್ದು. ಅತ್ತೆಯವರ ಹಾಡು ಎಂಟು ಎಂಬ ಸಂಖ್ಯೆಯನ್ನು ನೋಡಿ ನಗುತ್ತದೆ. ಅಜ್ಜಿಯವರ ಹಾಡು ಒಂದು ಎಂಬ ಸಂಖ್ಯೆಯನ್ನು ನೋಡಿ ನಗುತ್ತದೆ: ಆ ಒಂದು ರೂಪಾಯಿಯನ್ನು. ಮಕ್ಕಳು ಹೆಚ್ಚಾದರು ಎಂದು ಅಜ್ಜಿಯವರ ಹಾಡಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ, ಅಪ್ಪನಿಗೂ ಅನ್ನಿಸುವುದಿಲ್ಲ. ಅವನಿಗೆ ಹೆಸರು ಮರೆಯುತ್ತದೆ ಅಷ್ಟೇ. ಹೆಸರು ಮರೆತರೂ ಚುರುಮುರಿಯನ್ನು ಮಾತ್ರ ಎಣಿಸಿ ಎಂಟಕ್ಕೆ ಹಂಚುತ್ತಾನೆ, ಒಂದು ಪಾಲೂ ತಪ್ಪಿಸುವುದಿಲ್ಲ.

ಆ ಲೋಕದಲ್ಲಿ ಎಂಟು ನಗುವಂಥ ಸಂಖ್ಯೆ ಆಗಿರಲಿಲ್ಲ. ಬೀಸುವ ಪದಗಳಲ್ಲಿ ಅಳು ಇರುವುದು ಮಕ್ಕಳಿಲ್ಲದ ಮನೆಯ ಬಗ್ಗೆ. ‘ಬಾಲಕರಿಲ್ಲದ ಬಾಲಿದ್ಯಾತರ ಜನ್ಮ, ಬಾಡಿಗಿ ಎತ್ತು ದುಡಿದಂಗ’ ಎಂಬ ತ್ರಿಪದಿಯನ್ನು ನೀವು ಕೇಳಿರುತ್ತೀರಿ. ಮಕ್ಕಳಿಲ್ಲದ ಹೆಣ್ಣು ಬಾಡಿಗೆಯ ಎತ್ತು: ದುಡಿದದ್ದೆಲ್ಲ ಇನ್ನೊಬ್ಬರ ಹೊಲಕ್ಕೆ. ಇಷ್ಟು ಕ್ರೂರವಾದ ಹೋಲಿಕೆಯನ್ನು ಹೆಣ್ಣುಮಕ್ಕಳೇ ಕಟ್ಟಿ ಹೆಣ್ಣುಮಕ್ಕಳೇ ಹಾಡಿಕೊಂಡರು. ಮನೆತುಂಬ ಮಕ್ಕಳಿರಲಿ ಎಂಬ ಹರಕೆಯ ಬೆನ್ನಿಗೆ ಆ ಭಯವಿತ್ತು, ಇನ್ನೊಂದು ಭಯವೂ ಇತ್ತು. 1951ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಷ್ಯ ಸುಮಾರು 32 ವರ್ಷ. 1971ರಲ್ಲಿ ಕೂಡ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವುದರೊಳಗೆ ಹೋಗಿಬಿಡುತ್ತಿದ್ದವು. ಎಂಟು ಹಡೆದವಳಿಗೆ ಎಂಟೂ ಉಳಿಯುತ್ತವೆ ಎಂಬ ಧೈರ್ಯ ಯಾರೂ ಕೊಟ್ಟಿರಲಿಲ್ಲ. ಉಳಿದ ಬಾಯಿಗೆ ಎರಡು ಕೈ ಇರುತ್ತಿದ್ದವು. ಆರು ವರ್ಷಕ್ಕೆ ಎಮ್ಮೆ ಕಾಯುವ ಕೈ, ಹತ್ತು ವರ್ಷಕ್ಕೆ ಕಳೆ ಕೀಳುವ ಕೈ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ’ ಎಂಬ ಗಾದೆಯನ್ನು ಬರೀ ಸೋಮಾರಿತನದ ಮಾತು ಎಂದು ಓದುವವರಿದ್ದಾರೆ. ಅದರಲ್ಲಿ ಒಕ್ಕಲುತನದ ಲೆಕ್ಕವೂ ಇತ್ತು.

ಹಾಗೆಂದು ತುಂಬು ಸಂಸಾರದ ಗುಣಗಾನಕ್ಕೆ ನಾನು ಕೂತಿಲ್ಲ. ಅಜ್ಜಿಯವರ ಹಾಡನ್ನು ಇನ್ನೊಮ್ಮೆ ಓದಿ, ಅಲ್ಲಿ ತಾಯಿ ಎಲ್ಲಿದ್ದಾಳೆ? ಹಿರಿಯವ ಬೇಡುತ್ತಾನೆ, ಕಿರಿಯವ ಬೇಡುತ್ತಾನೆ, ನಡುವಿನವರೂ ಬೇಡಿರಬೇಕು. ತಾಯಿ ಏನನ್ನೂ ಬೇಡುವುದಿಲ್ಲ. ಚುರುಮುರಿಯಲ್ಲಿ ಅವಳಿಗೆ ಪಾಲಿಲ್ಲ, ಕಾಗದ ನೆಕ್ಕುವ ಭಾಗ್ಯವೂ ಅಪ್ಪನಿಗೇ ಹೋಯಿತು. ಹಾಡುತ್ತಿರುವವಳೇ ತಾಯಿ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಎಲ್ಲರ ಬೇಡಿಕೆಯನ್ನೂ ಪಟ್ಟಿ ಮಾಡಿದವಳು ಪಟ್ಟಿಯಲ್ಲಿ ತನ್ನ ಹೆಸರು ಬರೆದುಕೊಂಡಿಲ್ಲ. ಇದು ಬೇಕೆಂದೇ ಮಾಡಿದ್ದೋ ರೂಢಿಯಿಂದ ಬಂದದ್ದೋ, ನಿಮ್ಮ ಅಜ್ಜಿಯನ್ನೇ ಕೇಳಬೇಕು. ನಾನು ಇಂಥ ಪ್ರಶ್ನೆ ಕೇಳಿದಾಗಲೆಲ್ಲ ಉತ್ತರಕ್ಕೆ ಬದಲಾಗಿ ಒಂದು ನಗು ಸಿಕ್ಕಿದೆ.

ಅತ್ತೆಯವರ ಬಾಲ ಅಂಟಿಕೊಂಡದ್ದು ಹೇಗೆ? 1954ರಲ್ಲಿ ಕೇಂದ್ರ ಸರ್ಕಾರ ಗೀತ ಮತ್ತು ನಾಟಕ ವಿಭಾಗವನ್ನು ತೆರೆಯಿತು. ಸರ್ಕಾರದ ಯೋಜನೆಗಳನ್ನು ಹಾಡಿ, ಆಡಿ ಜನರಿಗೆ ಮುಟ್ಟಿಸುವುದು ಅದರ ಕೆಲಸ. ಕಾಗದದ ಮೇಲಿನ ಪ್ರಚಾರ ಓದು ಬಾರದ ಊರಿನಲ್ಲಿ ಏನು ಮಾಡೀತು? ಹಾಗಾಗಿ ಊರಿಗೆ ಗೊತ್ತಿರುವ ಮೇಳಗಳನ್ನೇ ಹಿಡಿದರು. ಹಳೆಯ ಮೈಸೂರಿನ ಕಡೆಯವರು ಈ ವಿಷಯದಲ್ಲಿ ತಾವೇ ಮೊದಲು ಎಂದು ಬೀಗುವುದುಂಟು: ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು, ನಿಜ. ಆದರೆ ನಿಮ್ಮ ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲದೆ ಚಿಕಿತ್ಸಾಲಯ ಹಾಡುವುದಿಲ್ಲ. ನಿಮ್ಮ ಕಡೆ ಹಾಡುತ್ತಿದ್ದವರು ಗೀಗೀ ಮೇಳದವರು, ದಪ್ಪು ಬಡಿದು ತುಂತುಣಿಯ ತಂತಿ ಮೀಟಿ ಲಾವಣಿ ಹಾಡುವವರು.

ಗೀಗೀ ಮೇಳಕ್ಕೆ ಈ ವಿಷಯ ಕೈಗೆ ಹೊಂದುವ ಬಳೆಯಂತೆ ಹೊಂದಿತು. ಅವರಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷ. ಹರದೇಶಿ ಗಂಡು ಹೆಚ್ಚು ಎನ್ನುತ್ತದೆ, ನಾಗೇಶಿ ಹೆಣ್ಣು ಹೆಚ್ಚು ಎನ್ನುತ್ತದೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ರಾತ್ರಿಯಿಡೀ ವಾದ. ಶಿವಶಕ್ತಿಯರ ಜಾಗದಲ್ಲಿ ಎಂಟು ಮಕ್ಕಳ ಗಂಡಹೆಂಡಿರನ್ನು ನಿಲ್ಲಿಸಿದರೆ ಆಯಿತು. ಬೇಕು ಎನ್ನುವವ ಹರದೇಶಿ, ಸಾಕು ಎನ್ನುವವಳು ನಾಗೇಶಿ. ಜಗಳದ ಮಟ್ಟು ಅದೇ, ಸಾಹಿತ್ಯ ಮಾತ್ರ ಹೊಸದು.

ನಾನು ಹುಡುಗನಾಗಿದ್ದಾಗ ನಮ್ಮೂರ ಹನುಮಪ್ಪನ ಗುಡಿಯ ಮುಂದೆ ಇಂಥ ಒಂದು ರಾತ್ರಿ ಕಂಡಿದ್ದೇನೆ. ಜೀಪು ಸಂಜೆಯೇ ಬಂದಿತ್ತು. ದಪ್ಪಿನ ಚರ್ಮ ಸಡಿಲಾಗಿದೆ ಎಂದು ಮೇಳದವನು ನಾಲ್ಕು ಜೋಳದ ದಂಟು ಸುಟ್ಟು ಅದರ ಉರಿಗೆ ದಪ್ಪನ್ನು ಹಿಡಿದು ತಿರುಗಿಸುತ್ತಿದ್ದ, ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಪಕ್ಕದಲ್ಲಿ ತುಂತುಣಿಯವನು ತಂತಿ ಬಿಗಿಯುತ್ತಿದ್ದ. ಆಮೇಲೆ ಹಾಡು. ಮಕ್ಕಳ ಪಟ್ಟಿ ಬಂದಾಗ ಊರು ಬಿದ್ದು ಬಿದ್ದು ನಕ್ಕಿತು. ನಮ್ಮ ಓಣಿಯಲ್ಲೇ ಒಂಬತ್ತು ಮಕ್ಕಳ ಅಪ್ಪನೊಬ್ಬ ಇದ್ದ, ಎಲ್ಲರೂ ಅವನ ಕಡೆ ನೋಡಿ ನಕ್ಕರು, ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಕೊನೆಗೆ ಬುದ್ಧಿಮಾತಿನ ನುಡಿ ಶುರುವಾಯಿತು ನೋಡಿ, ಗಂಡಸರು ಒಬ್ಬೊಬ್ಬರೇ ಟವೆಲ್ ಕೊಡವಿಕೊಂಡು ಎದ್ದರು. ಹಾಡಿನ ಮುಖ್ಯ ಮಾತು ಕೇಳಲು ಉಳಿದವರು ಗುಡಿಯ ಕಟ್ಟೆಯ ಮೇಲಿದ್ದ ಹೆಂಗಸರು, ನಾವು ಹುಡುಗರು. ನಿಮ್ಮ ಅತ್ತೆಯವರಿಗೆ ಕೊನೆಯ ನುಡಿ ಇಷ್ಟು ಚೆನ್ನಾಗಿ ನೆನಪಿರುವುದು, ಕಾಕಾ ಅವರಿಗೆ ಅದು ಸರ್ಕಾರದ್ದು ಎಂಬುದಷ್ಟೇ ನೆನಪಿರುವುದು ಇಂಥದೇ ಕಾರಣಕ್ಕೆ ಇರಬಹುದು ಎಂದು ನನ್ನ ಕುಹಕ.

ಮೇಳದ ಕವಿಗಳು ಹೊಸ ಹಾಡನ್ನು ಶೂನ್ಯದಿಂದ ಕಟ್ಟುತ್ತಿರಲಿಲ್ಲ. ಊರಿನಲ್ಲಿ ಆಗಲೇ ಓಡಾಡುತ್ತಿದ್ದ ನಗೆಯ ಹಾಡು ಸಿಕ್ಕರೆ ಅದರ ತಲೆ, ಹೊಟ್ಟೆ ಹಾಗೇ ಇಟ್ಟು ಕೊನೆಗೆ ಯೋಜನೆಯ ನುಡಿ ಕೂಡಿಸುತ್ತಿದ್ದರು. ಜನ ನಗುವುದಕ್ಕೆ ಬರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಸರ್ಕಾರಕ್ಕೆ ಬೇಕಾಗಿದ್ದದ್ದು ಕೊನೆಯ ಎರಡು ಸಾಲು, ಊರಿಗೆ ಬೇಕಾಗಿದ್ದದ್ದು ಮೊದಲಿನ ಇಪ್ಪತ್ತು. ಕವಿ ಇಬ್ಬರನ್ನೂ ಸಂಭಾಳಿಸಿದ.

ಮುಂದೆ ಈ ಹಾಡುಗಳ ನಗು ಸುಮ್ಮನಾದ ಒಂದು ಕಾಲವೂ ಬಂತು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಗುರಿ ಮುಟ್ಟಿಸುವ ಆತುರದಲ್ಲಿ ಜನರನ್ನು ಹಿಡಿದು ತಂದರು ಎಂಬ ಕೂಗು, ವಿಶೇಷವಾಗಿ ಉತ್ತರ ಭಾರತದಿಂದ, ದೇಶವನ್ನೇ ಅಲುಗಾಡಿಸಿತು. ಜೀಪು ಕಂಡರೆ ಕಬ್ಬಿನ ಗದ್ದೆ ಹೊಕ್ಕು ಕೂರುವ ಕಾಲದಲ್ಲಿ ಜೀಪಿನವರ ಹಾಡಿಗೆ ಯಾರು ನಗುತ್ತಾರೆ? 1977ರಲ್ಲಿ ಸರ್ಕಾರ ಬದಲಾಗಿ, ಕುಟುಂಬ ಯೋಜನೆಗೆ ‘ಕುಟುಂಬ ಕಲ್ಯಾಣ’ ಎಂಬ ಮೆತ್ತನೆಯ ಹೆಸರು ಬಂತು. ನಿಮಗೆ ಇದರಿಂದ ಒಂದು ಉಪಯೋಗವಿದೆ. ಅತ್ತೆಯವರಿಗೆ ಇನ್ನೂ ಒಂದೆರಡು ನುಡಿ ನೆನಪಾಗಿ, ಅದರಲ್ಲಿ ‘ಕಲ್ಯಾಣ’ ಎಂಬ ಪದವಿದ್ದರೆ ಅವರ ಪಾಠ 1977ರ ಈಚಿನದು.

ಅತ್ತೆಯವರನ್ನು ಇನ್ನೂ ಒಂದು ಮಾತು ಕೇಳಿ. ಲಾವಣಿ, ಗೀಗೀ ಪದದ ಕವಿಗಳು ಕೊನೆಯ ನುಡಿಯಲ್ಲಿ ತಮ್ಮ ಊರಿನ ಹೆಸರನ್ನೋ ಗುರುವಿನ ಹೆಸರನ್ನೋ ದೇವರ ಹೆಸರನ್ನೋ ಸೇರಿಸುತ್ತಿದ್ದರು. ‘ಬಾಂಧವರೆಲ್ಲ’ ಆದ ಮೇಲೆ ಒಂದು ಊರಿನ ಹೆಸರು ಬರುತ್ತಿತ್ತೇ? ಬಂದರೆ ಯಾವ ಮೇಳ ಎಂದು ಹುಡುಕಲು ದಾರಿ ಸಿಗುತ್ತದೆ. ಆ ಊರಿಗೆ ಹೋಗಿ ಚಹಾ ಅಂಗಡಿಯಲ್ಲಿ ಕೇಳಿದರೆ ಸಾಕು, ಮೇಳದ ಮೊಮ್ಮಕ್ಕಳು ಯಾರಾದರೂ ಸಿಗುತ್ತಾರೆ. ಸರ್ಕಾರಿ ಕಡತ ಹುಡುಕುವುದಕ್ಕಿಂತ ಇದು ಬೇಗ ಆಗುವ ಕೆಲಸ.

ಹಾಗಾದರೆ ಕಾಕಾ ಹೇಳಿದ ‘ಜನಪದವೇ ಅಲ್ಲ’ ಎಂಬುದು? ಅದನ್ನು ನಾನು ಒಪ್ಪುವುದಿಲ್ಲ. ಸರ್ಕಾರಕ್ಕಾಗಿ ಬರೆದ ಸಾಲನ್ನು ಒಬ್ಬ ಹುಡುಗಿ ಗುಡಿಯ ಕಟ್ಟೆಯ ಮೇಲೆ ಕೇಳಿ, ಅವ್ವನ ಹಾಡಿಗೆ ಹೊಲಿದುಕೊಂಡು, ಐವತ್ತು ವರ್ಷ ಯಾರ ಸಂಬಳವೂ ಇಲ್ಲದೆ ಹಾಡಿದರೆ ಆ ಸಾಲು ಇನ್ನು ಸರ್ಕಾರದ್ದಲ್ಲ. ‘ಲಾಡು’ ಎಂದೋ ಇನ್ನೇನೆಂದೋ ಇದ್ದ ಜಾಗದಲ್ಲಿ ‘ಬಿಸ್ಕೀಟು’ ಕೂರಿಸಿದ್ದು ಅತ್ತೆಯವರೇ ಇರಬಹುದು. ಜನಪದ ಎಂದರೆ ಕರ್ತೃ ಇಲ್ಲದ್ದು ಎಂದು ನಾವು ಮೇಷ್ಟರುಗಳು ಹೇಳಿಕೊಟ್ಟ ತಪ್ಪು ಇನ್ನೂ ಓಡಾಡುತ್ತಿದೆ. ಕರ್ತೃ ಇದ್ದೇ ಇರುತ್ತಾನೆ. ಹಾಡುವವರಿಗೆ ಅವನ ಹಂಗು ಇರುವುದಿಲ್ಲ.

ಹುಟ್ಟುಹಬ್ಬಕ್ಕೆ ಯಾವುದನ್ನು ಹಾಡಬೇಕು ಎಂದಿರಿ. ಅಜ್ಜಿಯ ಹಬ್ಬ, ಅಜ್ಜಿಯ ಕೊನೆ. ಅತ್ತೆಯವರದ್ದನ್ನು ಬೇರೆಯಾಗಿ ಹಾಡಿಸಿ, ಅದಕ್ಕೂ ಅದರ ಮರ್ಯಾದೆ ಇದೆ. ಆದರೆ ಅವರ ಬುದ್ಧಿಮಾತಿಗೆ ಕೇಳುಗರೇ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಸರ್ಕಾರ ಕೇಳಿದ ಎರಡಕ್ಕಿಂತಲೂ ಕಡಿಮೆ! ನಿಮ್ಮ ಮನೆಯ ಮರಿಮಕ್ಕಳಿಗೆ ಎಂಟು ಮಕ್ಕಳ ಮನೆ ಏಳು ಸಮುದ್ರದಾಚೆಯ ರಾಜಕುಮಾರಿಯಷ್ಟೇ ದೂರ. ಅವರು ಈ ಹಾಡಿಗೆ ಯಾಕೆ ನಗುತ್ತಾರೆ ಗಮನಿಸಿ. ಬಹುಶಃ ಅಪ್ಪನಿಗೆ ಹೆಸರು ಮರೆಯುವಲ್ಲಿ.

ಕೊನೆಯದಾಗಿ ನೀವು ಪ್ರಶ್ನೆಯಾಗಿ ಕೇಳದೇ ಇದ್ದ ಒಂದು ಸಂಗತಿ. ಏಳು ಎಂದು ತಿದ್ದಿದ್ದಕ್ಕೆ ಅಜ್ಜಿ ಹಾಡು ನಿಲ್ಲಿಸಿದರು ಎಂದು ಬರೆದಿದ್ದೀರಿ. ಇದಕ್ಕೆ ಸುಲಭದ ಉತ್ತರಗಳಿವೆ. ಏಳು ದಿಕ್ಕಿಲ್ಲ, ಇರುವುದು ಎಂಟೇ. ಹದಿನಾರಾಣೆ ಏಳಕ್ಕೆ ಸಮನಾಗಿ ಹೋಗುವುದಿಲ್ಲ. ಸಂತೆಗೂ ಸೊಂಟಕ್ಕೂ ಎಂಟಕ್ಕೂ ಪ್ರಾಸ ಕೂಡುತ್ತದೆ, ಏಳಕ್ಕೆ ಕೂಡುವುದಿಲ್ಲ. ಕಿವಿ ಚೆನ್ನಾಗಿರುವ ಹಾಡುಗಾರ್ತಿಗೆ ಕೋಪ ಬರಲು ಇಷ್ಟು ಸಾಕು. ಆದರೆ ಜೋಳ ಕಡಿಮೆಯಾದಾಗ ನಾಲ್ಕು ಮಕ್ಕಳನ್ನು ಬಿಟ್ಟು ಹಾಡಿದ ಆ ತಾಯಿಯನ್ನು ನೆನೆಸಿಕೊಂಡರೆ ನನಗೆ ಪ್ರಾಸದ ಉತ್ತರ ಸಾಲುವುದಿಲ್ಲ. ಇಂಥ ಹಾಡಿನಲ್ಲಿ ಸಂಖ್ಯೆಗೆ ಯಾರೂ ಹಟ ಹಿಡಿಯುವುದಿಲ್ಲ. ನಿಮ್ಮ ಅಜ್ಜಿ ಹಿಡಿದಿದ್ದಾರೆ. ಮನೆಯಲ್ಲಿ ಇರುವವರು ಏಳು ಮಂದಿ, ಹಾಡಿನಲ್ಲಿ ಯಾವಾಗಲೂ ಎಂಟು, ಚುರುಮುರಿ ಯಾವಾಗಲೂ ಎಂಟು ಪಾಲು.

ಹಾಡನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ, ಎರಡು ಬೇರೆ ಬೇರೆ ದಿನ, ಎರಡು ಸಲ. ಆಮೇಲೆ ಎಂದಾದರೂ ಅಜ್ಜಿ ಒಬ್ಬರೇ ಕೂತಿದ್ದಾಗ, ಆ ನಡುವಿನ ಆರು ಮಂದಿಯ ಹೆಸರೇನು ಎಂದು ಕೇಳಿ ನೋಡಿ. ಆಗ ಮೊಬೈಲನ್ನು ಒಳಗೆ ಇಟ್ಟು ಬನ್ನಿ.